ಮೊದಲ ಕಾರಿಗೆ ಎರಡು ಮಳೆಗಾಲ ಕೊಡಿ

ಕಾರಿನ ಹುಚ್ಚು ಹಿಡಿದ ಹುಡುಗ ಹುಡುಗಿಯರೆಂದರೆ ನನಗೆ ಬಹಳ ಅಕ್ಕರೆ. ಬಾನೆಟ್ ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಮಾತನಾಡುವವರು, ಎಂಜಿನ್ ಸದ್ದು ಕೇಳಿಯೇ ಯಾವ ಗಾಡಿ ಬಂತೆಂದು ಹೇಳುವವರು ನಮ್ಮ ಕರಾವಳಿಯ ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಪುಂಡರೆಂದು ಕರೆಯುವ ಹಿರಿಯರ ಜೊತೆ ನನ್ನ ದನಿ ಸೇರುವುದಿಲ್ಲ. ಆದರೂ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ಲೈಸೆನ್ಸ್ ಕೈಗೆ ಬಂದ ಹೊಸತರಲ್ಲಿ ಮೊದಲ ಕಾರನ್ನು ಮಾಡಿಫೈ ಮಾಡಿಸಬೇಡಿ. ಎರಡು ಮಳೆಗಾಲ ಕಳೆಯಲಿ. ಆಮೇಲೆ ಮಾತನಾಡೋಣ.

ತಿಂಗಳುಗಳ ಲೆಕ್ಕ ಬಿಟ್ಟು ಮಳೆಗಾಲದ ಲೆಕ್ಕ ಹಿಡಿದದ್ದಕ್ಕೆ ಕಾರಣವಿದೆ. ಮಂಗಳೂರು, ಉಡುಪಿಯಲ್ಲಿ ಬೇಸಿಗೆಯಲ್ಲಿ ಕಲಿತ ಚಾಲನೆ ಅರ್ಧ ಚಾಲನೆ. ಜೂನ್ ಬಂದ ಕೂಡಲೇ ಅದೇ ರಸ್ತೆ ಬೇರೆ ರಸ್ತೆಯಾಗುತ್ತದೆ. ಒಳರಸ್ತೆಗಳಿಂದ ಕೆಂಪು ಮಣ್ಣು ಹರಿದು ಬಂದು ಡಾಂಬರಿನ ಮೇಲೆ ತೆಳುವಾಗಿ ಕೂರುತ್ತದೆ. ಮಲ್ಪೆ ಕಡೆಯಿಂದ ಬರುವ ಮೀನಿನ ಲಾರಿಗಳು ದಾರಿಯುದ್ದಕ್ಕೂ ನೀರು ಸುರಿಸುತ್ತಾ ಹೋಗುತ್ತವೆ. ಆ ನೀರಿನ ಜಾರು ಎಂಥದ್ದೆಂದು ಬೈಕ್ ಓಡಿಸುವವರನ್ನು ಕೇಳಿ. ನಾಲ್ಕು ಚಕ್ರದವರಿಗೂ ಅದರಿಂದ ವಿನಾಯಿತಿ ಇಲ್ಲ. ಎಕ್ಸ್‌ಪ್ರೆಸ್ ಬಸ್ಸೊಂದು ಪಕ್ಕದಲ್ಲಿ ಹಾದುಹೋದರೆ ಎರಡು ಕ್ಷಣ ಗಾಜಿನಾಚೆ ಏನೂ ಕಾಣುವುದಿಲ್ಲ. ಆ ಎರಡು ಕ್ಷಣದಲ್ಲಿ ಕಾಲು, ಕೈ ಏನು ಮಾಡಬೇಕೆಂಬುದನ್ನು ಯಾವ ಡ್ರೈವಿಂಗ್ ಸ್ಕೂಲೂ ಕಲಿಸುವುದಿಲ್ಲ. ಅದನ್ನು ಕಲಿಸುವುದು ನಿಮ್ಮ ಕಾರು, ಅದೂ ಕಾರ್ಖಾನೆಯಿಂದ ಬಂದ ಹಾಗೆಯೇ ಇದ್ದರೆ.

ನಾನು ವಿಮೆಯ ಸರ್ವೇಯರ್. ಅಪಘಾತವಾದ ಕಾರುಗಳನ್ನು ನೋಡುವುದು, ಏನು ಮುರಿದಿದೆ, ಏಕೆ ಮುರಿದಿದೆ ಎಂದು ಬರೆಯುವುದು ನನ್ನ ಕೆಲಸ. ತಲಪಾಡಿಯಿಂದ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿಯ ಗ್ಯಾರೇಜುಗಳಲ್ಲಿ ನನ್ನ ದಿನಗಳು ಕಳೆಯುತ್ತವೆ. ಹಾಗಾಗಿ ಈ ಬರಹ ಪುಸ್ತಕದಿಂದ ಬಂದದ್ದಲ್ಲ.

ಮುಖ್ಯ ವಿಷಯ ಸಸ್ಪೆನ್ಷನ್, ಎಂದರೆ ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಜೋಡಣೆ. ಹುಡುಗರಿಗೆ ಕಾರು ನೆಲಕ್ಕೆ ಹತ್ತಿರವಿರಬೇಕು. ಕಾರು ತಗ್ಗಿಸುವ ಒಳ್ಳೆಯ ಕಿಟ್ ದುಬಾರಿ, ಆದ್ದರಿಂದ ಸ್ಪ್ರಿಂಗಿನ ಒಂದು ಸುತ್ತನ್ನೋ ಒಂದೂವರೆ ಸುತ್ತನ್ನೋ ಕತ್ತರಿಸಿಬಿಡುತ್ತಾರೆ. ಕತ್ತರಿಸಿದ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ ಇರುತ್ತದೆ. ಎರಡಕ್ಕೂ ಹೊಂದಾಣಿಕೆ ತಪ್ಪಿ, ಗುಂಡಿಯ ಮೇಲೆ ಹಾರಿದಾಗ ಚಕ್ರ ನೆಲವನ್ನು ಬಿಟ್ಟು ಕುಣಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಇದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಇದಕ್ಕಿಂತ ದೊಡ್ಡ ಹಾನಿಯೊಂದಿದೆ, ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಮಾಮೂಲಿ ಕಾರು ತಿರುವಿನಲ್ಲಿ ವಾಲುತ್ತದೆ. ಹೊಸಬರಿಗೆ ಅದು ಇಷ್ಟವಾಗುವುದಿಲ್ಲ, ದೋಣಿಯಂತೆ ಓಲಾಡುತ್ತದೆ ಎಂದು ದೂರುತ್ತಾರೆ. ಆದರೆ ಆ ವಾಲಾಟವೇ ಎಚ್ಚರಿಕೆ. ವೇಗ ಹೆಚ್ಚಾಯಿತೆಂದು ಕಾರು ಮೊದಲು ಮೈವಾಲಿಸಿ ಹೇಳುತ್ತದೆ, ಆಮೇಲೆ ಟೈರ್ ಕಿರುಗುಟ್ಟಿ ಹೇಳುತ್ತದೆ, ಆಮೇಲೆ ಸ್ಟೀರಿಂಗ್ ಹಗುರವಾಗಿ ಹೇಳುತ್ತದೆ. ಹಿಡಿತ ತಪ್ಪುವುದು ಇಷ್ಟೆಲ್ಲ ಆದ ಮೇಲೆ. ಅಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನು ಮಾಮೂಲಿ ಕಾರಿನಲ್ಲಿ ನಿಧಾನವಾಗಿ ಇಳಿದವರಿಗೂ ಇದರ ಮೊದಲ ಹಂತ ಬೆನ್ನಿನಲ್ಲೇ ಗೊತ್ತಾಗುತ್ತದೆ. ಕಾರನ್ನು ತಗ್ಗಿಸಿ, ಗಟ್ಟಿ ಮಾಡಿ, ಅಗಲ ಟೈರ್ ಹಾಕಿದಾಗ ಮೊದಲ ಎಚ್ಚರಿಕೆ ಕಾಣೆಯಾಗುತ್ತದೆ, ಎರಡನೆಯದು ತಡವಾಗಿ ಬರುತ್ತದೆ. ಕಾರು ಅಂಟಿಕೊಂಡಿದೆ, ಅಂಟಿಕೊಂಡಿದೆ ಎನ್ನಿಸುತ್ತಲೇ ಒಮ್ಮೆಗೇ ಜಾರಿಬಿಡುತ್ತದೆ. ಹತ್ತು ವರ್ಷ ಓಡಿಸಿದವರಿಗೆ ಆ ಸೂಕ್ಷ್ಮ ಹೇಗೋ ತಿಳಿಯುತ್ತದೆ. ಓದಲು ಕಲಿಯುವ ಮೊದಲೇ ಅಕ್ಷರ ಅಳಿಸಿಬಿಟ್ಟರೆ ಹೊಸಬರು ಏನನ್ನು ಓದಬೇಕು? ನನ್ನ ಆಕ್ಷೇಪದ ತಿರುಳೇ ಇದು. ಉಳಿದದ್ದೆಲ್ಲ ಇದರ ಸುತ್ತ.

ಅಲಾಯ್, ಎಂದರೆ ಮಿಶ್ರಲೋಹದ ಚಕ್ರಗಳ ವಿಚಾರಕ್ಕೆ ಬನ್ನಿ. ಹದಿನಾಲ್ಕು ಇಂಚಿನ ಜಾಗದಲ್ಲಿ ಹದಿನಾರು, ಹದಿನೇಳು. ಚಕ್ರ ದೊಡ್ಡದಾದಷ್ಟೂ ಭಾರ, ಭಾರವಾದಷ್ಟೂ ಬ್ರೇಕಿಗೂ ಬೇರಿಂಗಿಗೂ ಕೆಲಸ ಹೆಚ್ಚು. ಟೈರಿನ ಒಟ್ಟು ಸುತ್ತಳತೆ ಮೂಲದ್ದಕ್ಕಿಂತ ಹೆಚ್ಚಾದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ತಾನು ಎಷ್ಟು ವೇಗದಲ್ಲಿದ್ದೇನೆಂದು ಇನ್ನೂ ಅಂದಾಜು ಸಿಗದವರಿಗೆ ಮೀಟರೂ ತಪ್ಪು ಹೇಳಿದರೆ ಹೇಗೆ? ನಿಂತ ನೀರಿನ ಮೇಲೆ ಅಗಲ ಟೈರ್ ಬೇಗ ತೇಲುತ್ತದೆ ಎಂಬುದೂ ನೆನಪಿರಲಿ. ಪಡುಬಿದ್ರಿ, ಕಾಪು ಕಡೆ ಜೋರು ಮಳೆಯಲ್ಲಿ ಹೆದ್ದಾರಿಯ ಬಲ ಅಂಚಿನಲ್ಲಿ, ಡಿವೈಡರ್ ಬುಡದಲ್ಲಿ ನೀರು ನಿಲ್ಲುವುದನ್ನು ನೀವೇ ನೋಡಿದ್ದೀರಿ. ಓವರ್‌ಟೇಕ್ ಮಾಡುವವರ ಚಕ್ರ ಹೋಗುವುದು ಅಲ್ಲಿಗೇ.

ಹೋದ ಮಳೆಗಾಲದಲ್ಲಿ ನಾನು ನೋಡಿದ ಒಂದು ಹ್ಯಾಚ್‌ಬ್ಯಾಕ್ ಕಾರು ಡಿವೈಡರ್ ಏರಿ ನಿಂತಿತ್ತು. ಹುಡುಗನಿಗೆ ದೇವರ ದಯೆಯಿಂದ ಏನೂ ಆಗಿರಲಿಲ್ಲ. ಚಕ್ರಗಳು ಥಳಥಳ ಹೊಳೆಯುತ್ತಿದ್ದವು. ಬಗ್ಗಿ ಟೈರಿನ ಪಕ್ಕೆಯ ಮೇಲಿದ್ದ ಕೆಸರನ್ನು ಬೆರಳಿನಿಂದ ಒರೆಸಿದೆ. ತಯಾರಿಕೆಯ ನಾಲ್ಕು ಅಂಕಿ ಕಂಡಿತು: 2316. ಎಂದರೆ 2016ನೆಯ ಇಸವಿಯ ಇಪ್ಪತ್ತಮೂರನೆಯ ವಾರ. ಅಲಾಯ್ ಸೆಟ್ಟಿನ ಜೊತೆಗೆ ಅಗ್ಗಕ್ಕೆ ಸಿಕ್ಕ ಹಳೆಯ ಟೈರುಗಳವು. ಗ್ರಿಪ್ಪಿನ ಗೆರೆಗಳು ಇನ್ನೂ ಆಳವಾಗಿದ್ದವು, ಉಗುರು ಒತ್ತಿದರೆ ಮಾತ್ರ ರಬ್ಬರ್ ಮರದ ಹಾಗೆ ಗಟ್ಟಿ. ಮೂಲದ ಟೈರುಗಳನ್ನು ಅವನು ಆ ಗ್ಯಾರೇಜಿನಲ್ಲೇ ಮಾರಿಬಿಟ್ಟಿದ್ದ. ಅಲಾಯ್‌ಗೆ ಕೊಟ್ಟ ದುಡ್ಡಿನಲ್ಲಿ ಮೂಲ ಅಳತೆಯ ನಾಲ್ಕು ಹೊಸ ಟೈರ್ ಧಾರಾಳವಾಗಿ ಬರುತ್ತಿದ್ದವು. ಆ ದಿನ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಮಾರಿದವರ ಮೇಲೆ ಬಂತು.

ಬೆಳಕಿನ ಕಥೆ ಇನ್ನೂ ಬೇಸರದ್ದು. ಹ್ಯಾಲೊಜೆನ್ ಹೆಡ್‌ಲೈಟಿನ ಒಳಗಿನ ಕನ್ನಡಿ ಒಂದು ನಿರ್ದಿಷ್ಟ ಜಾಗದಲ್ಲಿರುವ ಸಣ್ಣ ತಂತಿಯ ಬೆಳಕಿಗೆಂದೇ ರೂಪಿಸಿದ್ದು. ಅಲ್ಲಿ ಎಲ್‌ಇಡಿ ಬಲ್ಬ್ ಕೂರಿಸಿದರೆ ಬೆಳಕು ಹೊರಡುವ ಜಾಗವೇ ಬದಲಾಗಿ, ಡಿಮ್ ಮಾಡಿದರೂ ಎದುರಿನವರ ಕಣ್ಣಿಗೆ ರಾಚುತ್ತದೆ. ಓಡಿಸುವವರಿಗೆ ಕಾರಿನ ಮುಂದೆಯೇ ಬೆಳ್ಳಗೆ ಕಾಣುವುದರಿಂದ ಚೆನ್ನಾಗಿ ಕಾಣುತ್ತಿದೆ ಎಂಬ ಭ್ರಮೆ. ದೂರದಲ್ಲಿ ರಸ್ತೆ ದಾಟುತ್ತಿರುವ ಮುದುಕಿ ಕಾಣುವುದಿಲ್ಲ. ಮಳೆ ಬಂದರೆ ಆ ಬಿಳಿ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಯಕ್ಷಗಾನ, ಕೋಲ, ಕಂಬಳ ಎಂದು ರಾತ್ರಿಯೆಲ್ಲ ಜನ ರಸ್ತೆ ಬದಿಯಲ್ಲಿ ನಡೆಯುವ ಸೀಮೆ ನಮ್ಮದು. ಎದುರಿನ ಚಾಲಕ ಒಂದು ಕ್ಷಣ ಕುರುಡನಾದರೆ ಸಾಯುವವರು ಆ ನಡೆಯುವವರು.

ಏರ್ ಫಿಲ್ಟರ್ ಬದಲಿಸುವವರಿಗೆ ಒಂದೇ ಮಾತು: ಕೊಟ್ಟಾರ ಚೌಕಿ. ಜೋರು ಮಳೆಗೆ ಅಲ್ಲಿ ನೀರು ತುಂಬುವುದು ಮಂಗಳೂರಿನವರಿಗೆ ಹೊಸತಲ್ಲ. ತಂಪು ಗಾಳಿ ಬೇಕೆಂದು ಗಾಳಿ ಎಳೆಯುವ ಕೊಳವೆಯನ್ನು ಬಂಪರಿನ ಕೆಳಗೆ ಇಳಿಸಿದ ಕಾರು ಆ ನೀರಿಗೆ ಇಳಿದರೆ ಗಾಳಿಯ ಬದಲು ನೀರು ಸಿಲಿಂಡರಿಗೆ ಹೋಗುತ್ತದೆ. ನೀರನ್ನು ಅದುಮಲು ಆಗುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಸಾಮಾನ್ಯವಾಗಿ ಅದರ ಖರ್ಚು ಪೂರ್ತಿ ನಿಮ್ಮದೇ.

ಸೈಲೆನ್ಸರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಸ್ಪತ್ರೆಗಳು ತುಂಬಿರುವ ಊರಿನಲ್ಲಿ ರಾತ್ರಿ ಹನ್ನೊಂದಕ್ಕೆ ಆ ಸದ್ದು ಯಾರಿಗೂ ಬೇಡ.

ವೈರಿಂಗ್ ಬಗ್ಗೆ ಮಾತ್ರ ಬರೆಯಲೇಬೇಕು. ದೊಡ್ಡ ಹಾರ್ನ್, ಆಂಪ್ಲಿಫೈಯರ್, ಕಾಲ ಬುಡದಲ್ಲಿ ನೀಲಿ ದೀಪ ಎಲ್ಲಕ್ಕೂ ಕರೆಂಟ್ ಬೇಕು. ಮೂಲ ವೈರಿನ ಸಿಪ್ಪೆ ಸುಲಿದು, ಹೊಸ ವೈರನ್ನು ತಿರುಚಿ, ಕಪ್ಪು ಟೇಪು ಸುತ್ತಿ ಬಿಡುತ್ತಾರೆ. ಫ್ಯೂಸ್ ಇಲ್ಲ, ರಿಲೇ ಇಲ್ಲ. ನಮ್ಮ ಉಪ್ಪು ಗಾಳಿಗೆ, ತೇವಕ್ಕೆ ಆ ಟೇಪಿನ ಅಂಟು ಬಿಡುತ್ತದೆ, ತಾಮ್ರ ಹಸಿರುಗಟ್ಟುತ್ತದೆ, ಜೋಡಣೆ ಬಿಸಿಯಾಗುತ್ತದೆ. ಸುಟ್ಟ ಡ್ಯಾಶ್‌ಬೋರ್ಡ್ ಬಿಚ್ಚಿಸಿ ನೋಡಿದಾಗ ಕರಗಿ ಒಂದಕ್ಕೊಂದು ಅಂಟಿದ ವೈರುಗಳ ನಡುವೆ ಇಂಥ ಜೋಡಣೆ ಸಿಕ್ಕಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಂಪನಿಗೆ ತಿಳಿಸದ ಬದಲಾವಣೆಯೇ ನಷ್ಟಕ್ಕೆ ಕಾರಣವಾಗಿದ್ದರೆ ಕ್ಲೇಮ್ ತಿರಸ್ಕೃತವಾಗಬಹುದು. ಸಾಲ ಮಾಡಿ ಕಾರು ಕೊಡಿಸಿದ ತಂದೆಗೆ ಅದನ್ನು ವಿವರಿಸುವ ಕೆಲಸ ನನ್ನಂಥವರ ಪಾಲಿಗೆ ಬರುತ್ತದೆ.

ಇನ್ನು ತಂದೆತಾಯಿಗಳ ಸರದಿ. ಮಗನ ಸೈಲೆನ್ಸರಿಗೆ ಬೈಯುವವರೇ ಕಟೀಲಿನಲ್ಲಿ ಪೂಜೆ ಮುಗಿಸಿದ ಮರುದಿನ ಹೊಸ ಕಾರಿನ ಮುಂದೆ ಬುಲ್‌ಬಾರ್ ಎಂಬ ಸ್ಟೀಲಿನ ಕಂಬಿ ಹಾಕಿಸುತ್ತಾರೆ, ಮಗ ಎಲ್ಲಾದರೂ ಗುದ್ದಿದರೂ ಕಾರಿಗೆ ಏನೂ ಆಗಬಾರದೆಂದು. ಕಾರಿಗೆ ಏನಾದರೂ ಆಗಬೇಕು ಸ್ವಾಮಿ. ಮುಂಭಾಗ ನುಜ್ಜುಗುಜ್ಜಾಗಿ ಪೆಟ್ಟನ್ನು ತಾನು ನುಂಗಲಿ ಎಂದೇ ಅದನ್ನು ಮಾಡಿರುವುದು. ಬುಲ್‌ಬಾರ್ ಆ ಪೆಟ್ಟನ್ನು ನೇರವಾಗಿ ಕಾರಿನ ಚೌಕಟ್ಟಿಗೆ, ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ತೆರೆದುಕೊಳ್ಳುವ ಲೆಕ್ಕಾಚಾರವನ್ನೂ ಕೆಡಿಸಬಲ್ಲದು. ಎದುರಿಗೆ ಸಿಕ್ಕ ಪಾದಚಾರಿಯ ಗತಿ ಹೇಳುವುದೇ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿತ್ತು. ಗಾಜಿಗೆ ಕಪ್ಪು ಸನ್‌ಫಿಲ್ಮ್ ಕೂಡದೆಂದು ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2012ರಲ್ಲಿ. ಸೀಟಿನ ಪಕ್ಕೆಯಲ್ಲೇ ಏರ್‌ಬ್ಯಾಗ್ ಇರುವ ಕಾರಿಗೆ ದಪ್ಪ ಸೀಟ್ ಕವರ್ ಬಿಗಿದು ಅದರ ಬಾಯಿ ಮುಚ್ಚುವವರೂ ಹಿರಿಯರೇ. ಸೀಟ್‌ಬೆಲ್ಟಿನ ಬೀಪ್ ನಿಲ್ಲಿಸುವ ಕ್ಲಿಪ್ ಅಂತೂ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕೆಟ್ಟದ್ದು. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಳಿಗೆಗಳಿಂದ ಅದನ್ನು ತೆಗೆಸಿತು. ಮನೆಯ ಕಾರುಗಳಿಂದ ಅದನ್ನು ತೆಗೆಯಬೇಕಾದವರು ನಾವು.

ಕಾನೂನು ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಎಂದಾಯಿತು. ಬಣ್ಣ ಬದಲಿಸಬೇಕಿದ್ದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಆದರೆ ದಂಡಕ್ಕೆ ಹೆದರಿ ಬಿಡಿ ಎಂದು ನಾನು ಹೇಳುತ್ತಿಲ್ಲ. ದಂಡ ಕಟ್ಟಿ ಬರುವವರು ಬೇಕಾದಷ್ಟು ಜನರಿದ್ದಾರೆ.

ಹಾಗಾದರೆ ಕೈಯಲ್ಲಿರುವ ದುಡ್ಡನ್ನು ಏನು ಮಾಡುವುದು ಎಂದು ಪಕ್ಕದ ಮನೆಯ ಹುಡುಗಿ ಕೇಳಿದಳು. ಮಣಿಪಾಲದಲ್ಲಿ ಕೆಲಸ, ಮೊದಲ ಸಂಬಳದಲ್ಲಿ ಉಳಿಸಿ ಕೊಂಡ ಹಳೆಯ ಕಾರು. ಮೂಲ ಅಳತೆಯ ಒಳ್ಳೆಯ ಟೈರ್ ಹಾಕಿಸು ಎಂದೆ. ಗ್ರಿಪ್ಪಿನ ಆಳ 1.6 ಮಿಲಿಮೀಟರ್‌ಗೆ ಇಳಿಯುವವರೆಗೆ ಕಾನೂನು ಒಪ್ಪುತ್ತದೆ, ನಮ್ಮ ಮಳೆ ಒಪ್ಪುವುದಿಲ್ಲ, ಮೂರರ ಹತ್ತಿರ ಬಂದಾಗಲೇ ಬದಲಿಸು. ಜೂನ್ ಮೊದಲು ಹೊಸ ವೈಪರ್ ಬ್ಲೇಡ್. ಮಸುಕಾದ ಹೆಡ್‌ಲೈಟಿನ ಗಾಜು ಉಜ್ಜಿಸಿ, ಬೆಳಕಿನ ಎತ್ತರ ಸರಿ ಮಾಡಿಸು, ಹೊಸ ಬಲ್ಬಿಲ್ಲದೆಯೇ ರಸ್ತೆ ಕಾಣುತ್ತದೆ. ಬ್ರೇಕ್ ಆಯಿಲ್ ಬದಲಿಸು, ತೇವ ಹೀರುವ ಗುಣ ಅದರದ್ದು. ಕಾರಿನ ಅಡಿಗೆ ತುಕ್ಕು ನಿರೋಧಕ ಬಳಿಸು, ಸಮುದ್ರದ ಪಕ್ಕ ಬದುಕುವವರಿಗೆ ಇದು ಶೋಕಿಯಲ್ಲ. ಹಾಡು ಕೇಳಬೇಕೇ, ಮೂಲ ಸಾಕೆಟ್ಟಿಗೇ ಸಿಕ್ಕಿಸುವ ಸ್ಪೀಕರ್ ಹಾಕಿಸು, ವೈರ್ ಕತ್ತರಿಸಲು ಬಿಡಬೇಡ. ಹಿಂದಿನ ಗಾಜಿನ ತುಂಬ ಸ್ಟಿಕ್ಕರ್ ಬೇಡ, ದೈವದ ಹೆಸರನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆಸಿದರೂ ಭಕ್ತಿಗೆ ಕೊರತೆಯಿಲ್ಲ. ದುಡ್ಡು ಇನ್ನೂ ಉಳಿದರೆ ಪೆಟ್ರೋಲ್ ತುಂಬಿಸಿ ಓಡಿಸು. ಮಳೆಯಲ್ಲಿ ಓಡಿಸು, ರಾತ್ರಿ ಓಡಿಸು, ನಂತೂರು ವೃತ್ತದ ಗಲಾಟೆಯಲ್ಲಿ ಓಡಿಸು. ಖಾಲಿ ಮೈದಾನ ಸಿಕ್ಕಿದರೆ ಒದ್ದೆ ನೆಲದಲ್ಲಿ ಬ್ರೇಕ್ ಪೂರ್ತಿ ತುಳಿದು, ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಕಾಲಿಗೆ ಹೇಗೆ ಮಿಡಿಯುತ್ತದೆಂದು ನೋಡು. ಮೊದಲ ಸಲ ಆ ಮಿಡಿತ ಬಂದಾಗ ಹೆದರಿ ಕಾಲೆತ್ತುವವರೇ ಹೆಚ್ಚು, ಆ ಹೆದರಿಕೆ ಮೈದಾನದಲ್ಲೇ ಕಳೆಯಲಿ.

ಎರಡು ಮಳೆಗಾಲ ಕಳೆದ ಮೇಲೂ ಆಸೆ ಹಾಗೆಯೇ ಇದ್ದರೆ, ವೇಗವೇ ಬೇಕಿದ್ದರೆ, ಭಾರತೀಯ ಮೋಟಾರ್ ಕ್ರೀಡಾ ಒಕ್ಕೂಟದ ಲೈಸೆನ್ಸ್ ಪಡೆದು ಆಟೊಕ್ರಾಸ್‌ಗೆ, ರ‍್ಯಾಲಿಗೆ ಇಳಿಯಿರಿ. ಕೊಯಮತ್ತೂರು, ಚೆನ್ನೈಯಲ್ಲಿ ಟ್ರ್ಯಾಕ್‌ಗಳಿವೆ. ಅಲ್ಲಿ ಹೆಲ್ಮೆಟ್ ಇದೆ, ಕಾರು ಮಗುಚಿದರೆ ಕಾಯುವ ಕಬ್ಬಿಣದ ಪಂಜರ, ರೋಲ್ ಕೇಜ್ ಇದೆ, ಆಂಬುಲೆನ್ಸ್ ಕಾದಿರುತ್ತದೆ. ಅಲ್ಲಿ ನೀವು ಓಡಿಸುವುದನ್ನು ನೋಡಲು ನಾನೂ ಬರುತ್ತೇನೆ.

ಗ್ಯಾರೇಜ್ ನಡೆಸುವ ಗೆಳೆಯರು ಈ ಬರಹ ಓದುತ್ತಿದ್ದರೆ ಅವರಲ್ಲಿ ಒಂದು ಬೇಡಿಕೆ. ಸ್ಪ್ರಿಂಗ್ ಕತ್ತರಿಸಿಕೊಡಿ ಎಂದು ಬಂದವರಿಗೆ ಲೈಸೆನ್ಸ್ ತೋರಿಸಲು ಹೇಳಿ. ಅದನ್ನು ಕೊಟ್ಟ ತಾರೀಖು ಈ ವರ್ಷದ್ದಾದರೆ ಕೆಲಸ ಒಪ್ಪಿಕೊಳ್ಳಬೇಡಿ. ನೀವು ಬೇಡವೆಂದರೆ ಇನ್ನೊಬ್ಬರು ಮಾಡಿಕೊಡುತ್ತಾರೆ ಎಂಬ ಉತ್ತರ ನನಗೆ ಗೊತ್ತು. ಆದರೂ ಅವರು ನಿಮ್ಮಿಂದ ಇನ್ನೊಬ್ಬರ ಬಳಿಗೆ ಹೋಗುವ ದಾರಿಯಲ್ಲಿ ಒಮ್ಮೆ ಯೋಚಿಸಲಿ.