ಹಪ್ಪಳಕ್ಕೂ ಒಂದು ಇಕ್ಕುಳ

ಮೊನ್ನೆ ಬದಿಯಡ್ಕದ ಹತ್ತಿರ ಒಂದು ಮದುವೆ. ಊಟಕ್ಕೆ ಹೋದರೆ ಸಾಲಾಗಿ ಕೂತು ಉಣ್ಣುವ ಹಂತಿಯೇ ಇಲ್ಲ, ಬಾಳೆಲೆಯೂ ಇಲ್ಲ. ಗೋಡೆಯುದ್ದಕ್ಕೂ ಮೇಜು, ಮೇಜಿನುದ್ದಕ್ಕೂ ಫಳಫಳ ಹೊಳೆಯುವ ಸ್ಟೀಲು. ಅನ್ನ ಹುಡುಕಿಕೊಂಡು ಹೋದವನಿಗೆ ಮೊದಲ ಮುಚ್ಚಳದಲ್ಲಿ ನನ್ನ ಮುಖವೇ ಕಂಡಿತು, ಹಸಿದ ಮುಖ.

ನಮ್ಮ ಕಾಸರಗೋಡಿನಲ್ಲಿ ಸೌಟಿಗೆ ಹೆಸರಿನ ಬರಗಾಲ ಇಲ್ಲ. ಕನ್ನಡದಲ್ಲಿ ಸೌಟು, ತುಳುವಿನಲ್ಲಿ ಕೈಲ್, ಮಲಯಾಳದಲ್ಲಿ ತವಿ, ಅಜ್ಜಿಯಂದಿರ ಬಾಯಲ್ಲಿ ಸಟ್ಟುಗ. 1956ರಲ್ಲಿ ಊರು ಕೇರಳಕ್ಕೆ ಸೇರಿದಲ್ಲಿಂದ ಭಾಷೆ ಯಾವುದು, ರಾಜ್ಯ ಯಾವುದು ಅಂತ ಗುದ್ದಾಡಿದ ನಾವೆಲ್ಲ ಈಗ ಒಂದಾಗಿದ್ದೇವೆ. ಎಲ್ಲರಿಗೂ ಅದು ಸರ್ವಿಂಗ್ ಸ್ಪೂನ್. ಗಡಿ ಜಗಳ ತೀರಿಸಲು ಬಂದ 1967ರ ಮಹಾಜನ್ ವರದಿಯಿಂದ ಆಗದ ಕೆಲಸ ಅಡುಗೆ ಕಂಟ್ರಾಕ್ಟಿನವರಿಂದ ಆಯಿತು.

ಆ ಸ್ಪೂನಿನ ಹಿಡಿ ಮೊಳದುದ್ದ, ಬಾಯಿ ಮಾತ್ರ ತೀರ್ಥ ಕೊಡುವಷ್ಟು. ಸಾರಿಗೆ ಇಟ್ಟದ್ದರಲ್ಲಂತೂ ಹೂವಿನ ಚಿತ್ತಾರದ ತೂತು ಬೇರೆ. ನಾಲ್ಕು ಸಲ ಮೊಗೆದೆ, ತಟ್ಟೆಗೆ ಬಂದದ್ದು ಎರಡು ಎಸಳು ಕರಿಬೇವು. ಹಿಂದಿದ್ದವರು ಕೆಮ್ಮಿದರು.

"ಪಕ್ಕಾ 304 ಮಾವ, ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ" ಅಂದ ಹುಡುಗಿಯ ಅಣ್ಣ. 304 ಅಂದರೆ ಸ್ಟೀಲಿನ ಒಂದು ದರ್ಜೆ, ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202ಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ ಮಾರಾಯ ಅಂತ ಬಾಯಿವರೆಗೆ ಬಂತು. ಮದುವೆಮನೆ ಅಲ್ವಾ, ಸುಮ್ಮನಾದೆ.

ಹಪ್ಪಳದ ಬುಟ್ಟಿಯಲ್ಲಿ ಒಂದು ಇಕ್ಕುಳ, ತುದಿಯಲ್ಲಿ ಹಲ್ಲು. ಹಲಸಿನ ಹಪ್ಪಳವನ್ನು ಗಟ್ಟಿ ಹಿಡಿದರೆ ಪುಡಿ, ಸಡಿಲ ಬಿಟ್ಟರೆ ನೆಲಕ್ಕೆ. ನನ್ನ ಮುಂದೆ ದೊಡ್ಡಪ್ಪ ಇದ್ದರು. ಆಚೆ ಈಚೆ ನೋಡಿದರು, ಎಡಗೈಯಲ್ಲಿ ಮೆಲ್ಲ ಒಂದು ಹಪ್ಪಳ ತೆಗೆದರು, ಅದನ್ನು ಇಕ್ಕುಳದ ಬಾಯಿಗೆ ಕೊಟ್ಟರು, ಅಲ್ಲಿಂದ ಗೌರವವಾಗಿ ತಟ್ಟೆಗೆ ಹಾಕಿಕೊಂಡರು. ಹಂತಿಯಲ್ಲಿ ಎತ್ತರದ ದನಿಯಲ್ಲಿ ಚೂರ್ಣಿಕೆ, ಅಂದರೆ ಊಟದ ನಡುವೆ ಹೇಳುವ ದೇವರ ಸ್ತುತಿ, ಹೇಳುತ್ತಿದ್ದ ಮನುಷ್ಯ ಅವರು. ನಿಂತುಕೊಂಡು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಇಕ್ಕುಳ ಹಿಡಿದವರು ಎಂತ ಚೂರ್ಣಿಕೆ ಹೇಳುವುದು? ಬಡಿಸುವವರು ಎರಡನೇ ಸಲ ವಿಚಾರಿಸಿಕೊಂಡು ಬರುವುದೂ ಇಲ್ಲ. ಟೊಪ್ಪಿ, ಗ್ಲೌಸು ಹಾಕಿಕೊಂಡು ಮೇಜಿನ ಹಿಂದೆ ನಿಲ್ಲುವುದೇ ಅವರ ಕೆಲಸ.

ಹಳೆ ಸೌಟಿನ ಹಿಡಿಯ ತುದಿಯಲ್ಲಿ ಒಂದು ಕೊಕ್ಕೆ ಇರುತ್ತಿತ್ತು, ಪಾತ್ರೆಯ ಅಂಚಿಗೆ ಸಿಕ್ಕಿಸಿದರೆ ಅಲ್ಲೇ ನಿಲ್ಲುತ್ತಿತ್ತು. ಹೊಸತಕ್ಕೆ ಕೊಕ್ಕೆ ಇಟ್ಟರೆ ಚೆಂದ ಹಾಳಾಗುತ್ತದಲ್ಲ! ಹಾಗಾಗಿ ಪಾಯಸದ ಸ್ಪೂನು ಜಾರಿ ತಳ ಸೇರಿತು. ಸಾಲು ನಿಂತಿತು. ಗ್ಲೌಸಿನ ಹುಡುಗನೊಬ್ಬ ಓಡಿಹೋಗಿ ಹಪ್ಪಳದ ಇಕ್ಕುಳ ತಂದು, ಪಾಯಸದೊಳಗೆ ಇಳಿಸಿ, ಅಡಿಯಿಂದ ಸ್ಪೂನನ್ನು ಎತ್ತಿದ. ಇಕ್ಕುಳದ ಹಲ್ಲಿಗೆ ಅಂಟಿದ್ದ ಹಪ್ಪಳದ ಚೂರುಗಳೆಲ್ಲ ಪಾಯಸದ ಮೇಲೆ ತೇಲಿದವು.

ಪಾಯಸಕ್ಕೆ ಹಪ್ಪಳ ಪುಡಿ ಮಾಡಿಕೊಳ್ಳುವುದು ನಮ್ಮಲ್ಲಿ ಮೊದಲಿಂದಲೂ ಉಂಟು. ದೊಡ್ಡಪ್ಪ ತಟ್ಟೆ ಒಡ್ಡಿದರು.