ದಯವಿಟ್ಟು ನೀರು ಹಾಕಬೇಡಿ

ಪೈನ್ ಗಿಡದ ಮುಖ ನೋಡಿ ಅದರ ಸುಖದುಃಖ ತಿಳಿಯುವುದಿಲ್ಲ. ಬೇರೆ ಗಿಡಗಳು ಬಾಯಾರಿದರೆ ಎಲೆ ಜೋತುಹಾಕಿ ಗೋಳಾಡುತ್ತವೆ, ನೀರು ಬಿದ್ದ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತವೆ. ಪೈನ್ ಹಾಗಲ್ಲ. ಬೇರು ಸತ್ತು ವಾರಗಳಾದರೂ ಸೂಜಿ ಎಲೆ ಹಸಿರಾಗಿಯೇ ಇರುತ್ತದೆ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಗಿಡ ಬಾಯಿ ಬಿಡದಿದ್ದರೆ ಅದರ ಪರವಾಗಿ ಮನೆಮಂದಿಯೆಲ್ಲ ಮಾತಾಡಲು ಶುರು ಮಾಡುತ್ತಾರೆ. ತೊಂದರೆ ಇರುವುದೇ ಅಲ್ಲಿ.

ನಾನು ಬೋನ್ಸಾಯ್ ಮಾಡಲು ಹೊರಟಿದ್ದು ಮ್ಯೂಗೋ ಪೈನ್. ಆಲ್ಪ್ಸ್, ಪಿರನೀಸ್, ಕಾರ್ಪೇಥಿಯನ್ ಬೆಟ್ಟಗಳ ಎತ್ತರದಲ್ಲಿ, ದೊಡ್ಡ ಮರಗಳು ನಮ್ಮಿಂದಾಗದು ಎಂದು ಕೈಚೆಲ್ಲುವ ಜಾಗದಲ್ಲಿ, ಕಲ್ಲುಗಳ ನಡುವೆ ಹರಡಿಕೊಳ್ಳುವ ಪೊದೆ ಇದು. ಹಿಮ ಬಿದ್ದರೆ ಬಾಗುತ್ತದೆ, ಕರಗಿದರೆ ಏಳುತ್ತದೆ. ಇಷ್ಟು ಗಟ್ಟಿ ಜೀವಕ್ಕೆ ನಮ್ಮ ಮನೆಯಲ್ಲಿ ಎದುರಾದ ಅಪಾಯ ಒಂದೇ: ಕರುಣೆ.

ಬೆಳಿಗ್ಗೆ ಹೆಂಡತಿ, "ಪಾಪ, ಒಣಗಿದ ಹಾಗಿದೆ ಅಲ್ವಾ" ಎಂದು ಒಂದು ಚೊಂಬು. ಆಮೇಲೆ ಅತ್ತೆ, ತಾವು ಹಾಕದಿದ್ದರೆ ಈ ಮನೆಯಲ್ಲಿ ಯಾರೂ ಹಾಕುವವರಿಲ್ಲ ಎಂಬ ನಂಬಿಕೆಯಿಂದ ಇನ್ನೊಂದು. ಸಂಜೆ ಮಗಳು ಮೂರನೆಯದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸದಾ ನೀರಲ್ಲಿ ನಿಂತರೆ ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ, ಆಗ ಎಲೆ ಹಳದಿಯಾಗುತ್ತದೆ. ಹಳದಿ ಕಂಡವರು ಏನು ಮಾಡುತ್ತಾರೆ? ಇನ್ನೊಂದು ಚೊಂಬು.

ಚಳಿಗಾಲಕ್ಕೆ ಮುಂಚೆ ಒಳಗಿನ ಹಳೆಯ ಸೂಜಿಗಳು ಹಳದಿಯಾಗಿ ಉದುರುವುದು ಸಹಜ. ಕೆಲವು ವರ್ಷ ಕೆಲಸ ಮಾಡಿದ ಎಲೆಗಳು, ನಿವೃತ್ತಿ ತಗೊಳ್ಳುತ್ತವೆ. ಇದನ್ನು ನಾನು ಎಷ್ಟು ವಿವರಿಸಿದರೂ ಅತ್ತೆ ನಂಬಲಿಲ್ಲ. ಕೊನೆಗೆ "ದಯವಿಟ್ಟು ನೀರು ಹಾಕಬೇಡಿ" ಎಂದು ಬರೆದು ಕುಂಡಕ್ಕೆ ಸಿಕ್ಕಿಸಿದೆ. ಅದರಿಂದ ಗಿಡದ ಕಡೆ ಕಣ್ಣು ಹಾಯಿಸದವರೂ ನಿಂತು ಓದಿ, ಅಯ್ಯೋ ಎಂದು ಮರುಗಿ, ನಾನಿಲ್ಲದಾಗ ಗುಟ್ಟಾಗಿ ಹಾಕತೊಡಗಿದರು.

ಹಾಗಂತ ನೀರೇ ಬೇಡ ಎಂದಲ್ಲ. ವಾರಕ್ಕೆ ಇಷ್ಟು ಸಲ ಎಂಬ ಲೆಕ್ಕ ಮಾತ್ರ ನಡೆಯುವುದಿಲ್ಲ. ಬಿಸಿಲು, ಗಾಳಿ, ಕುಂಡದ ಆಳ, ಕಾಳುಕಾಳಾದ ಮಣ್ಣು, ಎಲ್ಲವನ್ನೂ ನೋಡಬೇಕು. ಮರದ ಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ ಒಳಗೆ ಎಷ್ಟು ಹಸಿ ಇದೆ ಎಂದು ಗೊತ್ತಾಗುತ್ತದೆ. ಒಳಗೂ ಒಣಗುತ್ತಾ ಬಂದಿದ್ದರೆ ಆಗ ಧಾರಾಳವಾಗಿ, ಕೆಳಗಿನ ತೂತಿನಿಂದ ಹರಿಯುವ ತನಕ ಹಾಕಬೇಕು. ಹೀಗೆ ಚುಚ್ಚಿಟ್ಟು ಒಂದು ಫೋನ್ ಮಾತಾಡಿ ಬರುವಷ್ಟರಲ್ಲಿ ನನ್ನ ಭಾವಮೈದ ಆ ಕಡ್ಡಿಗೆ ದಾರ ಬಿಗಿದು ಕೊಂಬೆಯೊಂದನ್ನು ಎತ್ತಿ ಕಟ್ಟಿದ್ದ. ಅಲ್ಯೂಮಿನಿಯಂ ತಂತಿ ಸುತ್ತಿ, ತಿಂಗಳುಗಟ್ಟಲೆ ಕಾದು ನಾನು ಕೆಳಗೆ ಬಗ್ಗಿಸಿದ್ದ ಕೊಂಬೆ. "ಬಿದ್ದು ಹೋಗ್ತಿತ್ತು ಭಾವ, ಆಸರೆ ಕೊಟ್ಟೆ" ಅಂದ. ಬೈಯುವುದು ಹೇಗೆ?

ಅವನಿಗೆ ಗಿಡವೇ ಉತ್ತರ ಕೊಟ್ಟಿತು. ನರ್ಸರಿಯಿಂದ ಬಂದ ಮ್ಯೂಗೋದ ಬೇರು ಗಂಟುಗಟ್ಟಿರುತ್ತದೆ. ಮೇಲಿಂದ ಹಾಕಿದ ನೀರು ಕುಂಡದ ಅಂಚಿನಗುಂಟ ಜಾರಿ ತೂತಿನಿಂದ ಹೊರಬೀಳುತ್ತದೆ, ನಡುವಿನ ಗಂಟು ಒಣಗಿಯೇ ಉಳಿಯುತ್ತದೆ. ಇಷ್ಟು ಚೊಂಬು ಸುರಿದ ಮನೆಯಲ್ಲೂ ಹೀಗಾಗಬಹುದು, ನೋಡಿ. ಅಂಥ ಹೊತ್ತಲ್ಲಿ ಕುಂಡವನ್ನೇ ನೀರಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವ ತನಕ ಇಡುವುದು ಒಳ್ಳೆಯದು. ಬಚ್ಚಲಲ್ಲಿ ಬಕೆಟ್ಟಿಗೆ ಇಳಿಸಿ ಬಂದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ನೆನೆಸಿಟ್ಟ ಬಟ್ಟೆ ಇರಬೇಕು ಎಂದು ಭಾವಮೈದ ಕತ್ತಲಲ್ಲಿ ಬಕೆಟ್ಟಿಗೆ ಕೈ ಹಾಕಿದ. ಸೂಜಿ ಎಲೆಗಳ ರಾಶಿ ಅಂಗೈ ತುಂಬ ಸಿಕ್ಕಿತು. ಅವನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಟಾರ್ಚ್ ಹಿಡಿದು ಓಡಿಬಂದರು. ಬಚ್ಚಲಲ್ಲಿ ಮುಳ್ಳುಹಂದಿ ಇದೆ ಎಂದು ಅವನು ಅವರನ್ನೂ ನಂಬಿಸಿಬಿಟ್ಟಿದ್ದ.

ಕುಂಡ ಬದಲಿಸಿದ ದಿನ ಹೆಂಡತಿಯ ಸರದಿ. ಪೈನ್ ಬೇರಿನ ಸುತ್ತ ಬಿಳಿ ಶಿಲೀಂಧ್ರ ಇರುತ್ತದೆ. ಅದು ಬೇರಿಗೆ ನೀರು, ಖನಿಜ ತಂದುಕೊಡುತ್ತದೆ, ಬದಲಿಗೆ ಸಕ್ಕರೆ ಪಡೆಯುತ್ತದೆ. ಅದಕ್ಕೇ ಹಳೆಯ ಮಣ್ಣನ್ನು ಒಂದೇ ಸಲ ಪೂರ್ತಿ ತೊಳೆದು ತೆಗೆಯಬಾರದು. "ರೀ, ಬೂಷ್ಟು ಬಂದಿದೆ!" ಎಂದು ಅವಳು ಫಿನಾಯಿಲ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ನಾನು ಓಡಿದ ವೇಗ ನನಗೇ ಆಶ್ಚರ್ಯ.

ಇನ್ನು ಮಾವ. ಅವರು ನೀರು ಹಾಕುವುದಿಲ್ಲ, ಆದರೆ ಸೊಟ್ಟಗಿದ್ದದ್ದನ್ನು ಸಹಿಸುವುದಿಲ್ಲ. ಬೋನ್ಸಾಯ್ ಕುಂಡ ಚಪ್ಪಟೆ, ಮಳೆ ಹಿಡಿದರೆ ತಳದಲ್ಲಿ ನೀರು ನಿಲ್ಲುತ್ತದೆ. ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿದರೆ ಮೂಲೆಯ ತೂತಿನಿಂದ ಬಸಿದು ಹೋಗುತ್ತದೆ. ನಾನು ಓರೆ ಮಾಡಿ ಒಳಗೆ ಬರುತ್ತೇನೆ, ಅವರು ನೇರ ಮಾಡಿ ಒಳಗೆ ಬರುತ್ತಾರೆ. ನಿನ್ನೆ ರಾತ್ರಿ ಜೋರು ಮಳೆ. ಬೆಳಿಗ್ಗೆ ಕುಂಡ ನೆಟ್ಟಗೆ ಕೂತಿತ್ತು, ಮರದ ತುಂಡು ನಾಪತ್ತೆ. ಹುಡುಕಿದರೆ ಹಿತ್ತಲ ಬಾಗಿಲಿನ ಕೆಳಗೆ ಒತ್ತಿ ಇಟ್ಟಿದ್ದಾರೆ. ಗಾಳಿಗೆ ಆ ಬಾಗಿಲು ಬಡಿದುಕೊಳ್ಳುವುದು ನಿಂತಿದೆ, ಅದೂ ನಿಜ.