ಇಂಗ್ಲಿಷಲ್ಲಿ ಬೈದರೆ ತಾಗುವುದಿಲ್ವಾ?

ಕಳೆದ ಮಳೆಗಾಲದಲ್ಲಿ ಊರಿಗೆ ಬಂದಿದ್ದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಚಿಲ್ಲರೆ ವಿಷಯಕ್ಕೆ ಜಗಳ ಆಯಿತು. ಇಸ್ತ್ರಿ ಅಂಗಿಯ ಪ್ರಯಾಣಿಕರೊಬ್ಬರು ಕಂಡಕ್ಟರ್ ಹುಡುಗನಿಗೆ "ಬ್ಲಡಿ ಈಡಿಯಟ್, ಯೂಸ್‌ಲೆಸ್ ಫೆಲೋ" ಅಂದರು. ಹುಡುಗ ಮುಖ ಕೆಳಗೆ ಹಾಕಿ ಮುಂದೆ ಹೋದ. ಬಸ್ಸಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ನಾನು ಪಕ್ಕದಲ್ಲಿದ್ದ ಭಾವನ ಮುಖ ನೋಡಿದೆ. "ಅದೆಂತ ದೊಡ್ಡ ಬೈಗುಳ ಅಲ್ಲ ಮಾರಾಯ, ಇಂಗ್ಲಿಷಲ್ಲಿ ಅಲ್ವಾ ಹೇಳಿದ್ದು" ಅಂದರು.

ಆ ಮಾತು ನನಗೆ ಚುಚ್ಚಿತು. ಆ ಬೈಗುಳದ ಅರ್ಧದಷ್ಟನ್ನು ತುಳುವಿನಲ್ಲಿ ಹೇಳಿದ್ದರೆ ಬಸ್ಸು ಸುರತ್ಕಲ್ ದಾಟುತ್ತಿರಲಿಲ್ಲ. ನಮ್ಮ ಕಂಡಕ್ಟರುಗಳ ಬಾಯಿ ಗೊತ್ತಲ್ವಾ? ಒಂದಕ್ಕೆ ಎರಡು ತಿರುಗಿ ಬರುತ್ತಿತ್ತು. ಈ ಹುಡುಗನಿಗೆ ಬೈಗುಳ ಅರ್ಥವಾಗಿತ್ತು. ತಿರುಗಿ ಹೇಳಲು ಆ ಭಾಷೆ ಬಾಯಲ್ಲಿ ಇರಲಿಲ್ಲ, ಅಷ್ಟೇ. ಬೈದವರಿಗೂ ಅದು ಗೊತ್ತಿತ್ತು ಅಂತ ನನಗೆ ಅನಿಸುತ್ತದೆ.

ನಾನಿರುವುದು ಮೆಲ್ಬರ್ನ್‌ನಲ್ಲಿ, ಕೆಲಸ ಒಂದು ಗೋದಾಮಿನಲ್ಲಿ. ಅಲ್ಲಿಯವರ ಬಾಯಿ ನಮ್ಮವರಿಗಿಂತ ಹೊಲಸು. ಫೋರ್ಕ್‌ಲಿಫ್ಟ್ ಓಡಿಸುವವ ಮ್ಯಾನೇಜರನ್ನು ಎದುರಿಗೇ "ಓಲ್ಡ್ ಬಾಸ್ಟರ್ಡ್" ಅನ್ನುತ್ತಾನೆ, ಮ್ಯಾನೇಜರ್ ನಗುತ್ತಾನೆ. "ಬ್ಲಡಿ" ಅಂತೂ ಬೈಗುಳದ ಲೆಕ್ಕಕ್ಕೇ ಇಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಪ್ರವಾಸೋದ್ಯಮದ ಜಾಹೀರಾತಿನಲ್ಲೇ "ಬ್ಲಡಿ ಹೆಲ್" ಇತ್ತು. ಬ್ರಿಟನ್ನಿನ ಟಿವಿಯಲ್ಲಿ ಮೊದಲು ಅದಕ್ಕೆ ತಡೆ ಬಿತ್ತು.

ಆದರೆ ಅದೇ ಗೋದಾಮಿನಲ್ಲಿ ಒಬ್ಬ ಸೂಪರ್‌ವೈಸರ್ ಹೊಸ ಹುಡುಗನನ್ನು ಎಲ್ಲರೆದುರು "ಈಡಿಯಟ್" ಅಂದಾಗ ಊಟದ ಕೋಣೆ ಗಪ್‌ಚಿಪ್ ಆಯಿತು. ಸಂಜೆಯೊಳಗೆ ಅವನು ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಬೇಕಾಯಿತು. ಮೇಲಿನವ ಕೆಳಗಿನವನಿಗೆ ಬೈದರೆ ಆ ಸಣ್ಣ ಮಾತೂ ದೊಡ್ಡದಾಗುತ್ತದೆ. ಕೆಲಸದ ಜಾಗದಲ್ಲಿ ಪದೇ ಪದೇ ಹೀಗೆ ನಡೆದರೆ ಕೆಲಸದ ತಕರಾರು ವಿಚಾರಿಸುವ ಅಲ್ಲಿನ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಕಮಿಷನ್‌ಗೆ ಹೋಗಬಹುದು, 2014ರಿಂದ ಆ ದಾರಿ ಇದೆ.

ನಮ್ಮಲ್ಲಿ ಇಂಗ್ಲಿಷ್ ಬೈಗುಳ ಹರಿಯುವುದೇ ಮೇಲಿನಿಂದ ಕೆಳಕ್ಕೆ. ಮೊದಲು ಅದನ್ನು ಕೇಳಿದ್ದು ಟೀಚರ ಬಾಯಲ್ಲಿ, ಆಮೇಲೆ ಆಫೀಸಿನ ಸಾಹೇಬರ ಬಾಯಲ್ಲಿ. "ಸ್ಟುಪಿಡ್", "ನಾನ್‌ಸೆನ್ಸ್", "ಶಟ್ ಅಪ್". ಪೆಟ್ರೋಲ್ ಬಂಕಿನ ಹುಡುಗ, ಹೋಟೆಲಿನಲ್ಲಿ ಟೇಬಲ್ ಒರೆಸುವವ, ವಾಚ್‌ಮ್ಯಾನ್, ಇವರಿಗೆಲ್ಲ ಇದೇ. ಬೈದವರ ಮರ್ಯಾದೆಗೆ ಕುಂದಿಲ್ಲ, ಕಲಿತವರು ಅಂತ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಇದು ನನಗೆ ಸಹಿಸಲು ಆಗುವುದಿಲ್ಲ.

ಗೋದಾಮಿನ ಮ್ಯಾನೇಜರ್ ಕೇಳಿ ನಗುವ ಆ "ಬಾಸ್ಟರ್ಡ್" ಮಾತು ನಮ್ಮವರಿಗೆ ಎಷ್ಟು ಭಾರ ಅನ್ನುವುದಕ್ಕೆ 2008ರ ಸಿಡ್ನಿ ಟೆಸ್ಟ್ ಇದೆ. ಕುಂಬಳೆಯ ಹೆಸರು ಹೊತ್ತ ನಮ್ಮ ಅನಿಲ್ ಕುಂಬ್ಳೆಗೂ ಧೋನಿಗೂ ಆಸ್ಟ್ರೇಲಿಯಾದ ಆಟಗಾರ ಬ್ರಾಡ್ ಹಾಗ್ "ಬಾಸ್ಟರ್ಡ್ಸ್" ಅಂದರು ಅಂತ ಭಾರತ ತಂಡ ದೂರು ಕೊಟ್ಟಿತು. ವಿಚಾರಣೆಗೆ ಮುಂಚೆ ವಾಪಸು ತೆಗೆದುಕೊಂಡಿತು. ಅಲ್ಲಿ ಅದು ಮೈದಾನದ ಮಾತು, ಇಲ್ಲಿ ಅಪ್ಪ ಅಮ್ಮನಿಗೆ ತಾಗುವ ಮಾತು. ನಮ್ಮವರಿಗೆ ನೋವಾದದ್ದು ಸುಮ್ನೆ ಅಲ್ಲ. ಹಾಗಾದರೆ ಇಂಗ್ಲಿಷಿನಲ್ಲಿ ಬೈದರೂ ನಮಗೆ ತಾಗುತ್ತದೆ ಅಂತಾಯಿತು. ಬಸ್ಸಿನ ಹುಡುಗನಿಗೆ ಮಾತ್ರ ತಾಗುವುದಿಲ್ಲ ಅನ್ನುವುದು ಯಾವ ನ್ಯಾಯ?

ಅಲ್ಲಿ ಎಲ್ಲ ಚಂದ ಅಂತಲೂ ಹೇಳಲಾರೆ. ರಾತ್ರಿ ಹೊತ್ತು ಓಡುವ ಕಾರಿನಿಂದ ನಮ್ಮ ಮೈಬಣ್ಣಕ್ಕೆ ಬೈದು ಹೋಗುವವರು ಇದ್ದಾರೆ, ಅವರಿಂದ ಕ್ಷಮೆ ಕೇಳಿಸುವವರು ಯಾರೂ ಇಲ್ಲ. ಗೋದಾಮಿನ ಆ ತಮಾಷೆಯೂ ಒಳಗಿನವರಿಗೆ ಮಾತ್ರ. ನಾನು ಮ್ಯಾನೇಜರಿಗೆ ಹಾಗೆ ಅಂದರೆ ಅವನು ಅಷ್ಟೇ ನಗುತ್ತಾನೆ ಅನ್ನುವ ಧೈರ್ಯ ನನಗಿಲ್ಲ. ಮಂಗಳೂರಿನ ನೆಹರೂ ಮೈದಾನದಲ್ಲಿ ದೋಸ್ತಿಗಳು ತುಳುವಿನಲ್ಲಿ ಬೈದುಕೊಳ್ಳುವಾಗ ಇರುವ ಸಲಿಗೆ ಮೆಲ್ಬರ್ನ್‌ನಲ್ಲಿ ನನಗೆ ಸಿಕ್ಕಿಲ್ಲ. ಅದನ್ನು ಒಪ್ಪಲೇಬೇಕು.